ಮಗು ಯಾವಾಗ ಓದುತ್ತದೆ? ಮೊದಲು ಲಿಪಿಯನ್ನು ಕೇಳಿ

ಫಿನ್ಲೆಂಡಿನ ಮಕ್ಕಳು ಒಂದನೇ ಕ್ಲಾಸಿಗೆ ಸೇರುವುದು ಏಳನೇ ವಯಸ್ಸಿನಲ್ಲಿ. ಕೆಲವೇ ತಿಂಗಳಲ್ಲಿ ಹೆಚ್ಚಿನವರು ಓದಲು ಕಲಿತುಬಿಡುತ್ತಾರೆ. ಬ್ರಿಟನ್ನಿನ ಮಕ್ಕಳು ನಾಲ್ಕೈದು ವರ್ಷಕ್ಕೇ ಶುರು ಮಾಡಿಯೂ ಒದ್ದಾಡುತ್ತಾರೆ. ಇದನ್ನು ಕೇಳಿದ ಕೂಡಲೇ ನಾವು ಫಿನ್ಲೆಂಡಿನ ಶಾಲೆಗಳನ್ನು ಹೊಗಳಲು ತೊಡಗುತ್ತೇವೆ. ಹೋಮ್‌ವರ್ಕ್ ಕಮ್ಮಿ, ಆಟ ಜಾಸ್ತಿ, ಟೀಚರುಗಳಿಗೆ ಒಳ್ಳೆ ತರಬೇತಿ. ಎಲ್ಲ ನಿಜವೇ. ಆದರೆ ಓದಿನ ಮಟ್ಟಿಗೆ ಮೊದಲ ಶ್ರೇಯ ಹೋಗಬೇಕಾದ್ದು ಅವರ ಬರವಣಿಗೆಯ ಪದ್ಧತಿಗೆ.

ಫಿನ್ನಿಶ್‌ನಲ್ಲಿ ಹೆಚ್ಚುಕಮ್ಮಿ ಒಂದು ಅಕ್ಷರಕ್ಕೆ ಒಂದೇ ದನಿ. ಮೀನಿಗೆ ಅವರು 'ಕಲ' ಎನ್ನುತ್ತಾರೆ. ಒಂದನೇ ಕ್ಲಾಸಿನ ಪುಸ್ತಕದಲ್ಲಿ ಅದನ್ನು 'ಕ-ಲ' ಎಂದು ನಡುವೆ ಗೆರೆ ಹಾಕಿ ಒಡೆದು ತೋರಿಸುತ್ತಾರೆ. ದನಿಗಳನ್ನು ಕೂಡಿಸಿದರೆ ಪದ ಬಂತು. ಊಹೆ ಮಾಡುವ ಕೆಲಸವೇ ಇಲ್ಲ.

ಡಂಡೀ ವಿಶ್ವವಿದ್ಯಾಲಯದ ಫಿಲಿಪ್ ಸೀಮೋರ್ ಮತ್ತು ಸಂಗಡಿಗರು 2003ರಲ್ಲಿ ಯುರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿದರು. ಶಾಲೆಯ ಮೊದಲ ವರ್ಷ ಮುಗಿಯುವಾಗ ಫಿನ್ನಿಶ್, ಗ್ರೀಕ್, ಜರ್ಮನ್ ಮಕ್ಕಳು ಪರಿಚಿತ ಪದಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಸರಿಯಾಗಿ ಓದುತ್ತಿದ್ದರು. ಇಂಗ್ಲಿಷ್ ಕಲಿಯುತ್ತಿದ್ದ ಸ್ಕಾಟ್ಲೆಂಡಿನ ಮಕ್ಕಳು 34. ಫ್ರೆಂಚ್, ಡ್ಯಾನಿಶ್ ನಡುವೆ ಎಲ್ಲೋ.

ಸ್ಕಾಟ್ಲೆಂಡಿನ ಮಕ್ಕಳು ವಯಸ್ಸಿನಲ್ಲಿ ಚಿಕ್ಕವರು, ಅದಕ್ಕೇ ಹಾಗೆ ಎನ್ನಬಹುದಲ್ವಾ? ಇದಕ್ಕೆ ವೇಲ್ಸ್ ಒಳ್ಳೆಯ ಉತ್ತರ ಕೊಡುತ್ತದೆ. ಅಲ್ಲಿ ಒಂದೇ ಪ್ರದೇಶದಲ್ಲಿ ಕೆಲವು ಶಾಲೆ ವೆಲ್ಶ್‌ನಲ್ಲಿ ಓದು ಕಲಿಸುತ್ತವೆ, ಕೆಲವು ಇಂಗ್ಲಿಷ್‌ನಲ್ಲಿ. ಮಕ್ಕಳ ವಯಸ್ಸು ಒಂದೇ. ವೆಲ್ಶ್ ಬರೆದಂತೆ ಓದುವ ಭಾಷೆ. ಎರಡು ವರ್ಷದ ಹೊತ್ತಿಗೆ ವೆಲ್ಶ್ ಮಕ್ಕಳೇ ಮುಂದಿದ್ದರು. ಅವರ ತಪ್ಪುಗಳೂ ಬೇರೆ ಥರ. ಗೊತ್ತಿಲ್ಲದ ಪದ ಬಂದರೆ ಇಂಗ್ಲಿಷ್ ಮಕ್ಕಳು ಅದರಂತೆ ಕಾಣುವ ಇನ್ನೊಂದು ಪದ ಹೇಳಿಬಿಡುತ್ತಿದ್ದರು. ವೆಲ್ಶ್ ಮಕ್ಕಳು ದನಿಗಳನ್ನು ಕೂಡಿಸಿ ಓದಲು ಹೋಗಿ, ಅರ್ಥವೇ ಇಲ್ಲದ ಪದ ನುಡಿಯುತ್ತಿದ್ದರು. ನನಗೆ ಎರಡನೆಯದೇ ಒಳ್ಳೆಯ ತಪ್ಪು ಅನಿಸುತ್ತದೆ.

ಊಹೆಯ ಈ ಚಾಳಿ ಬಿಡಿಸಲು ಇಂಗ್ಲೆಂಡ್ 2012ರಲ್ಲಿ ಒಂದು ಪರೀಕ್ಷೆ ತಂದಿತು. ಐದಾರು ವರ್ಷದ ಮಗು 40 ಪದ ಓದಬೇಕು. ಅದರಲ್ಲಿ 20 ಪದ ಸುಮ್ನೆ ಹುಟ್ಟಿಸಿದವು. ಪಕ್ಕದಲ್ಲಿ ಒಂದು ವಿಚಿತ್ರ ಪ್ರಾಣಿಯ ಚಿತ್ರ ಬೇರೆ. ಕೆಲವರು ಇದನ್ನು ನೋಡಿ ನಗುತ್ತಾರೆ, ಆದರೆ ಕಂಠಪಾಠ ಇಲ್ಲಿ ನಡೆಯದು.

ಚೀನಾದಲ್ಲಿ ದನಿ ಕೂಡಿಸುವ ದಾರಿ ನೇರವಾಗಿ ಸಿಗುವುದಿಲ್ಲ. ಅದಕ್ಕಾಗಿ 1958ರಿಂದ ರೋಮನ್ ಅಕ್ಷರಗಳ ಪಿನ್‌ಯಿನ್ ಇದೆ. ಮಗು ಅದನ್ನು ಹಿಡಿದುಕೊಂಡು ಚಿತ್ರಲಿಪಿಯ ಉಚ್ಚಾರ ಕಲಿಯುತ್ತದೆ. ಜಪಾನಿನಲ್ಲಿ ದನಿಗಳ ಲಿಪಿಯಾದ ಹಿರಗಾನ ಬೇಗ ಬರುತ್ತದೆ, ಆಮೇಲೆ ಪ್ರಾಥಮಿಕ ಶಾಲೆಯ ಆರು ವರ್ಷದಲ್ಲಿ 1,026 ಕಾಂಜಿ, ಅಂದರೆ ಚೀನಾದಿಂದ ಬಂದ ಚಿತ್ರಲಿಪಿಯ ಅಕ್ಷರ.

ಕನ್ನಡ ಎಲ್ಲಿ ನಿಲ್ಲುತ್ತದೆ? ಬರೆದಂತೆ ಓದುವುದರಲ್ಲಿ ಫಿನ್ನಿಶ್ ಪಕ್ಕ. ಆದರೆ ಕಲಿಯಬೇಕಾದ ಆಕಾರಗಳು ರಾಶಿ. 49 ಅಕ್ಷರ, ಅದರ ಮೇಲೆ ಕಾಗುಣಿತ, ಅದರ ಕೆಳಗೆ ಒತ್ತಕ್ಷರ. ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಮ್ಮ ಮಕ್ಕಳ ಅಕ್ಷರ ಕಲಿಕೆ ಮೂರು, ನಾಲ್ಕನೇ ತರಗತಿವರೆಗೂ ನಡೆಯುತ್ತಲೇ ಇರುತ್ತದೆ. ಅದು ಮಗುವಿನ ದಡ್ಡತನವಲ್ಲ, ಮೇಷ್ಟರ ಸೋಮಾರಿತನವೂ ಅಲ್ಲ.

ಹೊರೆ ಇಳಿಸುವ ದಾರಿ ಕಂಡುಕೊಂಡವರೂ ಇದ್ದಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಎಂಬ ಸರ್ಕಾರಿ ಶಾಲೆಗಳ ಕಲಿಕಾ ಪದ್ಧತಿಯಲ್ಲಿ 'ಅ ಆ ಇ ಈ' ಬದಲು 'ರ ಗ ಸ ದ ಅ' ಮೊದಲು ಬರುತ್ತದೆ. ಮನೆಯ ಹಿರಿಯರಿಗೆ ಇದು ವಿಚಿತ್ರ. ಆದರೆ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಓದಬಹುದು. ಕಾಗುಣಿತ ಬೇಡ, ಒತ್ತು ಬೇಡ. ವರ್ಣಮಾಲೆಯ ಮೊದಲ ಐದು ಅಕ್ಷರದಲ್ಲಿ ಹೀಗೆ ಪದ ಕಟ್ಟಿ ನೋಡಿ!

ಓದು-ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರ ತಂದ 2021ರ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು ಎಂದಿತು. ಯಾವ ಭಾಷೆಯ 60 ಪದ? 'ಬರುತ್ತಿರಲಿಲ್ಲವಂತೆ' ಅನ್ನುವುದೂ ಲೆಕ್ಕಕ್ಕೆ ಒಂದೇ ಪದ. ಮರುವರ್ಷ ಕೇಂದ್ರದ ಶಿಕ್ಷಣ ಸಂಶೋಧನಾ ಸಂಸ್ಥೆ ಎನ್‌ಸಿಇಆರ್‌ಟಿ 20 ಭಾಷೆಗಳಲ್ಲಿ ಮಕ್ಕಳನ್ನು ಪರೀಕ್ಷಿಸಿ, ಭಾಷೆಗೊಂದರಂತೆ ಬೇರೆ ಬೇರೆ ಮಟ್ಟ ಗೊತ್ತು ಮಾಡಿತು. ಪಟ್ಟಿ ಹಿಡಿದು ತರಗತಿಗೆ ಬರುವ ಅಧಿಕಾರಿಗಳಿಗೂ ಈ ವ್ಯತ್ಯಾಸ ಗೊತ್ತಿರಬೇಕು.