ಮಾಲೀಕರು ಮಾರಿದರು, ಓದುಗರು ಕಟ್ಟಿದರು: ಹಂಗೇರಿಯ ಸ್ವತಂತ್ರ ಪತ್ರಿಕೋದ್ಯಮ ನಡೆದು ಬಂದ ದಾರಿ

2016ರ ಅಕ್ಟೋಬರ್ 8, ಶನಿವಾರ. ಬುಡಾಪೆಸ್ಟ್‌ನ ‘ನೇಪ್‌ಸಬಾದ್‌ಶಾಗ್’ ಪತ್ರಿಕೆಯ ಸಿಬ್ಬಂದಿ ಹೊಸ ಕಚೇರಿಗೆ ಹೋಗಬೇಕಿತ್ತು. ಮೇಜಿನ ಮೇಲಿದ್ದುದನ್ನೆಲ್ಲ ಪೆಟ್ಟಿಗೆಗಳಿಗೆ ತುಂಬಿಯೂ ಆಗಿತ್ತು. ಅಂದು ಕೊರಿಯರ್‌ನಲ್ಲಿ ಬಂದ ಪತ್ರ ಬೇರೆಯದನ್ನೇ ಹೇಳಿತು: ಪತ್ರಿಕೆ ನಿಂತಿದೆ, ಯಾರೂ ಕೆಲಸಕ್ಕೆ ಬರಬೇಕಿಲ್ಲ. 1956ರಿಂದ ನಡೆದು ಬಂದ, ಹಂಗೇರಿಯ ಗಂಭೀರ ದಿನಪತ್ರಿಕೆಗಳಲ್ಲೇ ಹೆಚ್ಚು ಪ್ರಸಾರವಿದ್ದ ಪತ್ರಿಕೆ ಅದು. ಆಗಷ್ಟೇ ಒಬ್ಬ ಮಂತ್ರಿ ಹೆಲಿಕಾಪ್ಟರ್‌ನಲ್ಲಿ ಮದುವೆಗೆ ಹೋದ ಸುದ್ದಿಯನ್ನು ಪ್ರಕಟಿಸಿತ್ತು, ಕೇಂದ್ರ ಬ್ಯಾಂಕಿನ ಗವರ್ನರ್ ಕುರಿತ ವರದಿಗಳನ್ನೂ. ಪ್ರಸಾರ ಕುಸಿದಿದೆ, ನಷ್ಟವಾಗುತ್ತಿದೆ ಎಂಬುದು ಆಸ್ಟ್ರಿಯಾದ ಮಾಲೀಕರು ಕೊಟ್ಟ ಕಾರಣ. ಅದಾಗಿ ಹದಿನೇಳು ದಿನಕ್ಕೆ ಪ್ರಕಾಶನ ಸಂಸ್ಥೆಯೇ ಮಾರಾಟವಾಯಿತು. ಕೊಂಡ ಕಂಪನಿಯ ನಂಟು ಲೋರಿಂಟ್ಸ್ ಮೇಸಾರೋಶ್ ಅವರ ಜೊತೆಗಿತ್ತು. ಈತ ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ಅವರ ಊರಾದ ಫೆಲ್ಚುಟ್‌ನ ಆಗಿನ ಮೇಯರ್, ಹಿಂದೆ ಗ್ಯಾಸ್ ಪೈಪ್ ಜೋಡಿಸುವ ಕೆಲಸ ಮಾಡುತ್ತಿದ್ದವರು.

ಇಲ್ಲಿ ಸರ್ಕಾರ ಪತ್ರಿಕೆಯ ಮೇಲೆ ನಿಷೇಧ ಹೇರಲಿಲ್ಲ, ಸಂಪಾದಕರನ್ನು ಜೈಲಿಗೆ ಕಳಿಸಲಿಲ್ಲ. ಕಾಗದದ ಮೇಲೆ ನಡೆದದ್ದು ಒಂದು ವ್ಯಾಪಾರ ಮಾತ್ರ. ಯುರೋಪಿನಲ್ಲಿ ಕಳೆದ ಒಂದೂವರೆ ದಶಕದಲ್ಲಿ ಪತ್ರಿಕೆಗಳ ಬಾಯಿ ಮುಚ್ಚಿಸಿದ ರೀತಿ ಹೆಚ್ಚಾಗಿ ಇದೇ. ಹಾಗಾಗಿ ಪತ್ರಿಕಾ ಸ್ವಾತಂತ್ರ್ಯವೆಂದರೆ ಕಾನೂನಿನ ಪ್ರಶ್ನೆಯಷ್ಟೇ ಅಲ್ಲ, ಸಂಬಳ ಯಾರ ಕಿಸೆಯಿಂದ ಬರುತ್ತದೆ ಎಂಬ ಪ್ರಶ್ನೆಯೂ ಹೌದು. ಇದನ್ನು ಹಂಗೇರಿಯಷ್ಟು ನಿಚ್ಚಳವಾಗಿ ತೋರಿಸಿದ ದೇಶ ಮತ್ತೊಂದಿಲ್ಲ.

ಕತೆ ಶುರುವಾಗುವುದು 2010ರಲ್ಲಿ. ಆ ವರ್ಷ ಓರ್ಬಾನ್ ಅವರ ಫಿಡೆಸ್ ಪಕ್ಷಕ್ಕೆ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬಹುಮತ ಸಿಕ್ಕಿತು. ಹೊಸ ಮಾಧ್ಯಮ ಕಾನೂನು ಬಂತು. ಐವರು ಸದಸ್ಯರ ಮಾಧ್ಯಮ ಮಂಡಳಿಗೆ ಒಂಬತ್ತು ವರ್ಷಗಳ ಅವಧಿ ಕೊಟ್ಟರು, ಐವರೂ ಆಳುವ ಪಕ್ಷ ಸೂಚಿಸಿದವರೇ. ರೇಡಿಯೊ ಪರವಾನಗಿ ನವೀಕರಿಸುವ ಅಧಿಕಾರ ಈ ಮಂಡಳಿಯದು. ಆದರೆ ಸುದ್ದಿತಾಣಗಳಿಗೆ ಪರವಾನಗಿಯೇ ಬೇಕಿರಲಿಲ್ಲ. ಅವುಗಳನ್ನು ಹಿಡಿಯಲು ಇದ್ದ ದಾರಿಗಳು ಎರಡು: ಮಾಲೀಕ ಮತ್ತು ಜಾಹೀರಾತು.

ಮೊದಲ ದಾರಿ 2014ರಲ್ಲಿ ಕಣ್ಣಿಗೆ ಬಿತ್ತು. ‘ಒರಿಗೊ’ ಆಗ ದೇಶದ ಅತಿ ದೊಡ್ಡ ಸುದ್ದಿತಾಣಗಳಲ್ಲೊಂದು. ಅದರ ಒಡೆತನ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಹಂಗೇರಿ ಅಂಗಸಂಸ್ಥೆಯ ಕೈಯಲ್ಲಿತ್ತು. ಓರ್ಬಾನ್ ಅವರ ಆಪ್ತ ಯಾನೋಶ್ ಲಾಜಾರ್ ವಿದೇಶ ಪ್ರವಾಸಗಳಲ್ಲಿ ಹೋಟೆಲ್‌ಗೆ ಎಷ್ಟು ಸರ್ಕಾರಿ ಹಣ ಖರ್ಚು ಮಾಡಿದರು ಎಂದು ಆಂದ್ರಾಶ್ ಪೆತ್ಹೋ ಎಂಬ ವರದಿಗಾರ ಅಲ್ಲಿ ಬರೆದರು. ಜೂನ್‌ನಲ್ಲಿ ಪ್ರಧಾನ ಸಂಪಾದಕ ಗೆರ್ಗೋ ಶಾಲಿಂಗ್ ಹೊರನಡೆಯಬೇಕಾಯಿತು, ಬೆನ್ನಿಗೇ ಪೆತ್ಹೋ ಕೂಡ. ಟೆಲಿಫೋನ್ ಕಂಪನಿಗೆ ಸ್ಪೆಕ್ಟ್ರಮ್ ಕೊಡುವುದು ಸರ್ಕಾರ, ತೆರಿಗೆ ಹಾಕುವುದೂ ಸರ್ಕಾರ. ಅಂಥ ಕಂಪನಿಗೆ ಸುದ್ದಿತಾಣ ಒಂದು ಪಕ್ಕದ ಕಸುಬು, ಅದಕ್ಕಾಗಿ ಅದು ಮುಖ್ಯ ವ್ಯವಹಾರವನ್ನು ಪಣಕ್ಕಿಡುವುದಿಲ್ಲ. ವಿದೇಶಿ ಮಾಲೀಕರಿದ್ದರೆ ಪತ್ರಿಕೆ ಸುರಕ್ಷಿತ ಎಂಬ ನಂಬಿಕೆ ಅಲ್ಲಿಗೆ ಮುರಿದುಬಿತ್ತು. ಮುಂದೆ ‘ಒರಿಗೊ’ ಕೈಬದಲಾಗಿ ಸರ್ಕಾರದ ತುತ್ತೂರಿಯಾಯಿತು.

ಎರಡನೆಯ ದಾರಿಯನ್ನು ಬಿಡಿಸಿ ನೋಡಬೇಕು, ಯಾಕೆಂದರೆ ಅದು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. 1999ರಲ್ಲಿ ಹುಟ್ಟಿದ ‘ಇಂಡೆಕ್ಸ್’ ತಾಣದ ಒಡೆತನವನ್ನು ಒಂದು ಪ್ರತಿಷ್ಠಾನದ ಕೈಗಿಟ್ಟಿದ್ದರು, ಯಾರೂ ಸುಲಭವಾಗಿ ಕೊಳ್ಳದಿರಲಿ ಎಂದು. ಆದರೆ ಅದರ ಜಾಹೀರಾತು ಮಾರುವ ಗುತ್ತಿಗೆ ಇಂಡಾಮೀಡಿಯಾ ಎಂಬ ಬೇರೊಂದು ಕಂಪನಿಯದು. 2020ರ ಮಾರ್ಚ್‌ನಲ್ಲಿ ಮಿಕ್ಲೋಶ್ ವಸಿಲಿ ಎಂಬ ಉದ್ಯಮಿ ಆ ಕಂಪನಿಯ ಅರ್ಧ ಪಾಲು ಕೊಂಡರು. 2014ರಲ್ಲಿ ‘ಒರಿಗೊ’ ಸಂಪಾದಕರು ಹೊರಬಿದ್ದಾಗ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದವರೂ ಇವರೇ. ಮನೆ ನಿಮ್ಮದೇ, ನೀರಿನ ನಲ್ಲಿ ಮಾತ್ರ ಪಕ್ಕದವರ ಕೈಯಲ್ಲಿ ಎಂಬಂತಾಯಿತು ಪರಿಸ್ಥಿತಿ. ‘ಇಂಡೆಕ್ಸ್’ ತನ್ನ ಪುಟದಲ್ಲೇ ಒಂದು ಸ್ವಾತಂತ್ರ್ಯ ಮಾಪಕವನ್ನು ಇಟ್ಟುಕೊಂಡಿತ್ತು. ಜೂನ್‌ನಲ್ಲಿ ಪ್ರಧಾನ ಸಂಪಾದಕ ಸಬೋಲ್ಚ್ ದುಲ್ ಅದರ ಮುಳ್ಳನ್ನು ‘ಸ್ವತಂತ್ರ’ದಿಂದ ‘ಅಪಾಯದಲ್ಲಿ’ಗೆ ಸರಿಸಿದರು. ಜುಲೈ 22ರಂದು ಅವರನ್ನು ವಜಾ ಮಾಡಿದರು. ಎರಡು ದಿನ ಕಳೆದು 70ಕ್ಕೂ ಹೆಚ್ಚು ಪತ್ರಕರ್ತರು ಒಟ್ಟಿಗೆ ರಾಜೀನಾಮೆ ಕೊಟ್ಟರು.

ನಡುವೆ 2018ರಲ್ಲಿ ಇನ್ನೊಂದು ಘಟನೆ. ನವೆಂಬರ್ 28ರಂದು ಸರ್ಕಾರದ ಪರವಿದ್ದ ಮಾಲೀಕರು 400ಕ್ಕೂ ಹೆಚ್ಚು ಪತ್ರಿಕೆ, ತಾಣ, ವಾಹಿನಿಗಳನ್ನು ಬಿಡಿಗಾಸೂ ಪಡೆಯದೆ ಕೆಸ್ಮಾ ಎಂಬ ಒಂದೇ ಪ್ರತಿಷ್ಠಾನಕ್ಕೆ ಬರೆದುಕೊಟ್ಟರು. ಇಷ್ಟು ದೊಡ್ಡ ವಿಲೀನವಾದರೆ ಸ್ಪರ್ಧಾ ಪ್ರಾಧಿಕಾರ ಪರಿಶೀಲಿಸಬೇಕು. ಅದು ಪರಿಶೀಲಿಸದಂತೆ ಸರ್ಕಾರ ಡಿಸೆಂಬರ್‌ನಲ್ಲಿ ಸುಗ್ರೀವಾಜ್ಞೆಯೊಂದರಿಂದ ಇದನ್ನು ‘ರಾಷ್ಟ್ರೀಯ ಮಹತ್ವದ್ದು’ ಎಂದು ಘೋಷಿಸಿತು. ಜಿಲ್ಲಾ ದಿನಪತ್ರಿಕೆಗಳು 2017ರ ಹೊತ್ತಿಗೇ ಸರ್ಕಾರದ ಆಪ್ತರ ಪಾಲಾಗಿದ್ದವು.

ಹೊರಬಿದ್ದ ಪತ್ರಕರ್ತರಿಗೆ ಉಳಿದಿದ್ದು ಓದುಗರು. ಪೆತ್ಹೋ ಮತ್ತು ಶಾಲಿಂಗ್ ಸೇರಿ 2015ರ ಆರಂಭದಲ್ಲಿ ‘ಡಿರೆಕ್ಟ್ 36’ ಎಂಬ ಪುಟ್ಟ ತನಿಖಾ ಸಂಸ್ಥೆ ಕಟ್ಟಿದರು. ಅದಕ್ಕೂ ಮೊದಲೇ, 2011ರಲ್ಲಿ, ತಮಾಶ್ ಬೊಡೊಕಿ ‘ಆಟ್ಲಾಟ್ಸೊ’ ಶುರು ಮಾಡಿದ್ದರು. ಸರ್ಕಾರಿ ಕಡತಗಳನ್ನು ಮಾಹಿತಿ ಹಕ್ಕಿನಡಿ ಕೇಳುವುದು ಅದರ ಮುಖ್ಯ ಆಯುಧ. ಕಾನೂನಿನ ಪ್ರಕಾರ 15 ದಿನಗಳಲ್ಲಿ ಉತ್ತರ ಬರಬೇಕು. ಕೋವಿಡ್ ನೆಪದಲ್ಲಿ ಸರ್ಕಾರ ಅದನ್ನು 45 ದಿನಕ್ಕೆ ಎಳೆಯಿತು, ಇನ್ನೂ 45 ದಿನ ಮುಂದೂಡಲೂ ಅವಕಾಶ ಇಟ್ಟಿತು. ‘ಇಂಡೆಕ್ಸ್’ ಬಿಟ್ಟವರು 2020ರ ಸೆಪ್ಟೆಂಬರ್‌ನಲ್ಲಿ ಜನರ ಮುಂದೆ ಕೈಚಾಚಿದರು. ಅಕ್ಟೋಬರ್ ಆರಂಭದಲ್ಲಿ ‘ಟೆಲೆಕ್ಸ್’ ತೆರೆಯಿತು. ಓದಲು ದುಡ್ಡು ಕೊಡಲೇಬೇಕೆಂಬ ಗೋಡೆಯನ್ನು ಅವರು ಕಟ್ಟಲಿಲ್ಲ. ಸರ್ಕಾರಿ ಪ್ರಚಾರ ಪುಕ್ಕಟೆಯಾಗಿ ಸಿಗುವ ದೇಶದಲ್ಲಿ ನಿಜ ಸುದ್ದಿಗೆ ಬೀಗ ಹಾಕಿದರೆ ಬಡವರಿಗೆ ಉಳಿಯುವುದು ಪ್ರಚಾರವೊಂದೇ. ಆ ನಿರ್ಧಾರ ಸರಿಯಾದದ್ದು ಎಂದೇ ನನ್ನ ಅಭಿಪ್ರಾಯ.

ಓದುಗರ ಹಣ ಬರುವ ದಾರಿಗಳನ್ನೂ ತಿಳಿಯಬೇಕು. ಹಂಗೇರಿಯಲ್ಲಿ ಅದಕ್ಕೊಂದು ವಿಶೇಷ ವ್ಯವಸ್ಥೆಯಿದೆ. 1996ರ ಕಾನೂನಿನಂತೆ ಪ್ರತಿ ತೆರಿಗೆದಾರರೂ ತಾವು ಕಟ್ಟಿದ ಆದಾಯ ತೆರಿಗೆಯ ಶೇ 1ನ್ನು ತಮಗೆ ಬೇಕಾದ ನಾಗರಿಕ ಸಂಸ್ಥೆಗೆ ಬರೆದುಕೊಡಬಹುದು. ಮೇ 20ರೊಳಗೆ ಆ ಸಂಸ್ಥೆಯ 11 ಅಂಕಿಗಳ ತೆರಿಗೆ ಸಂಖ್ಯೆಯನ್ನು ನಮೂದಿಸಿದರೆ ಸಾಕು, ಕೈಯಿಂದ ಹೆಚ್ಚಿಗೆ ಏನೂ ಹೋಗುವುದಿಲ್ಲ. ಬರೆಯದಿದ್ದರೆ ಆ ಹಣ ಖಜಾನೆಯಲ್ಲೇ ಉಳಿಯುತ್ತದೆ. ತಿಂಗಳಿಗೆ 5 ಲಕ್ಷ ಫೋರಿಂಟ್ (ಹಂಗೇರಿಯ ಹಣ) ಸಂಬಳದ ಒಬ್ಬರನ್ನು ತೆಗೆದುಕೊಳ್ಳೋಣ. ಶೇ 15ರ ದರದಲ್ಲಿ ವರ್ಷಕ್ಕೆ 9 ಲಕ್ಷ ತೆರಿಗೆ, ಅದರ ಶೇ 1 ಅಂದರೆ 9,000 ಫೋರಿಂಟ್. ಒಬ್ಬ ವರದಿಗಾರನಿಗೆ ವರ್ಷಕ್ಕೆ 90 ಲಕ್ಷ ಖರ್ಚಾಗುತ್ತದೆ ಎಂದಿಟ್ಟುಕೊಂಡರೆ ಅಂಥ 1,000 ಜನ ಬೇಕು. ಈ ಹಣ ಬರುವುದು ವರ್ಷಕ್ಕೊಮ್ಮೆ, ಪ್ರತಿ ವರ್ಷವೂ ಹೊಸದಾಗಿ ಬರೆಯಿಸಬೇಕು. ಲಾಭದ ಕಂಪನಿಗೆ ಇದನ್ನು ಪಡೆಯಲು ಬರುವುದಿಲ್ಲ. ಹಾಗಾಗಿ ತಾಣದ ಪಕ್ಕದಲ್ಲೇ ಒಂದು ಪ್ರತಿಷ್ಠಾನವೋ ಸಂಘವೋ ಇರಬೇಕಾಗುತ್ತದೆ.

ತಿಂಗಳ ದೇಣಿಗೆ ಹೆಚ್ಚು ಭರವಸೆಯದು, ಸೋರಿಕೆಯೂ ಅಲ್ಲೇ. ಸಂಪಾದಕನನ್ನು ತೆಗೆದುಹಾಕಿದ ವಾರ ಸಿಟ್ಟಿನಿಂದ ಜನ ದುಡ್ಡು ಹಾಕುತ್ತಾರೆ. ಆರು ತಿಂಗಳಾದ ಮೇಲೆ ಬ್ಯಾಂಕ್ ಕಾರ್ಡಿನ ಅವಧಿ ಮುಗಿಯುತ್ತದೆ, ಹೊಸ ಕಾರ್ಡಿನ ಸಂಖ್ಯೆ ಕೊಡಲು ಯಾರಿಗೂ ನೆನಪಾಗುವುದಿಲ್ಲ. 10,000 ದಾನಿಗಳಲ್ಲಿ ತಿಂಗಳಿಗೆ ಶೇ 4ರಷ್ಟು ಮಂದಿ ಕಳಚಿಕೊಂಡರೆ ವರ್ಷದ ಕೊನೆಗೆ ಉಳಿಯುವವರು ಸುಮಾರು 6,100. ಮೊದಲ ತಿಂಗಳ ಮೊತ್ತವನ್ನು ನಂಬಿ ಕಾಯಂ ಸಂಬಳದ ಮೇಲೆ ಜನರನ್ನು ತೆಗೆದುಕೊಂಡ ಸಂಸ್ಥೆ ಎರಡನೆಯ ವರ್ಷ ಎಡವುವುದು ಇಲ್ಲೇ. ನೆದರ್‌ಲ್ಯಾಂಡ್ಸ್‌ನ ‘ದೆ ಕರೆಸ್ಪಾಂಡೆಂಟ್’ 2013ರಲ್ಲಿ ಎಂಟು ದಿನಗಳಲ್ಲಿ 10 ಲಕ್ಷ ಯೂರೊ ಕೂಡಿಸಿ ಇಂದಿಗೂ ನಡೆಯುತ್ತಿದೆ. ಅದರ ಇಂಗ್ಲಿಷ್ ಆವೃತ್ತಿ 2018ರಲ್ಲಿ 25 ಲಕ್ಷ ಡಾಲರ್‌ಗೂ ಹೆಚ್ಚು ಕೂಡಿಸಿಯೂ 2021ರ ಜನವರಿ 1ಕ್ಕೆ ಬಾಗಿಲು ಹಾಕಿತು.

ತೆರಿಗೆಯೂ ಕೊಲ್ಲಬಲ್ಲದು. ಫ್ರಾನ್ಸ್‌ನ ‘ಮೀಡಿಯಾಪಾರ್’ 2008ರಿಂದ ಜಾಹೀರಾತೇ ಇಲ್ಲದೆ ಚಂದಾ ಹಣದ ಮೇಲೆ ನಡೆಯುತ್ತಿದೆ. ಬಜೆಟ್ ಮಂತ್ರಿ ಜೆರೋಮ್ ಕಾಹುಜಾಕ್ ಸ್ವಿಸ್ ಬ್ಯಾಂಕಿನಲ್ಲಿ ಗುಟ್ಟಾಗಿ ಖಾತೆ ಇಟ್ಟುಕೊಂಡಿದ್ದನ್ನು 2012ರ ಡಿಸೆಂಬರ್‌ನಲ್ಲಿ ಬಯಲಿಗೆಳೆದದ್ದು ಇದೇ ತಾಣ. ತೆರಿಗೆ ಕಳ್ಳರನ್ನು ಹಿಡಿಯಬೇಕಾದ ಮಂತ್ರಿ ಆತ, 2013ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು ಏಪ್ರಿಲ್‌ನಲ್ಲಿ ಒಪ್ಪಿಕೊಂಡರು. ಆಗ ಮುದ್ರಿತ ಪತ್ರಿಕೆಗೆ ಶೇ 2.1 ಮೌಲ್ಯವರ್ಧಿತ ತೆರಿಗೆ, ಆನ್‌ಲೈನ್ ಪತ್ರಿಕೆಗೆ ಶೇ 19.6. ಸುದ್ದಿ ಸುದ್ದಿಯೇ ಎಂದು ವಾದಿಸಿದ ‘ಮೀಡಿಯಾಪಾರ್’ ಕಡಿಮೆ ದರವನ್ನೇ ಕಟ್ಟಿತು. 2014ರ ಫೆಬ್ರವರಿಯಲ್ಲಿ ಸಂಸತ್ತು ಎರಡೂ ದರಗಳನ್ನು ಒಂದು ಮಾಡಿತು. ಆದರೂ ಹಿಂದಿನ ವರ್ಷಗಳ ಬಾಕಿ, ದಂಡ ಸೇರಿಸಿ 40 ಲಕ್ಷ ಯೂರೊಗೂ ಹೆಚ್ಚು ಕಟ್ಟಿಸಿಕೊಂಡರು. ಓದುಗರ ಬಲವಿಲ್ಲದ ಸಂಸ್ಥೆ ಅಲ್ಲಿಗೆ ಮುಗಿಯುತ್ತಿತ್ತು. 2019ರಲ್ಲಿ ಸ್ಥಾಪಕರು ತಮ್ಮ ಷೇರುಗಳನ್ನು ಲಾಭರಹಿತ ನಿಧಿಯೊಂದರ ವಶಕ್ಕೆ ಕೊಟ್ಟು ತಾಣವನ್ನು ಯಾರೂ ಕೊಳ್ಳಲಾಗದಂತೆ ಮಾಡಿದರು.

ಹಂಗೇರಿಯ ಸುದ್ದಿತಾಣ ಉಳಿದರೆ ಉಳಿದ ಯುರೋಪಿಗೇನು? ಐರೋಪ್ಯ ಒಕ್ಕೂಟದಲ್ಲಿ ವಿದೇಶಾಂಗ ನೀತಿ, ನಿರ್ಬಂಧಗಳಂಥ ವಿಷಯಗಳಿಗೆ ಎಲ್ಲ 27 ಸರ್ಕಾರಗಳ ಒಪ್ಪಿಗೆ ಬೇಕು. ಒಂದು ದೇಶದ ಮತದಾರರನ್ನು ಕತ್ತಲಲ್ಲಿಟ್ಟರೆ ಆ ಸರ್ಕಾರದ ವೀಟೊ ಎಲ್ಲರ ಮೇಲೂ ಬೀಳುತ್ತದೆ. ಹಣದ ವಿಷಯವೂ ಹಾಗೆಯೇ. ‘ಡಿರೆಕ್ಟ್ 36’ ತನ್ನ ಮೊದಲ ವರ್ಷವೇ ಬೆನ್ನು ಹತ್ತಿದ್ದು ಎಲಿಯೋಸ್ ಎಂಬ ಕಂಪನಿಯನ್ನು. ಓರ್ಬಾನ್ ಅವರ ಅಳಿಯ ಇಷ್ಟ್ವಾನ್ ತಿಬೋರ್ಟ್ಸ್ ಅದರಲ್ಲಿ ಪಾಲುದಾರರಾಗಿದ್ದರು. ಒಕ್ಕೂಟದ ಹಣದಲ್ಲಿ ಊರೂರಿಗೆ ಎಲ್‌ಇಡಿ ಬೀದಿದೀಪ ಹಾಕುವ ಗುತ್ತಿಗೆಗಳು ಅದರ ಕೈಸೇರಿದ್ದವು. ಒಕ್ಕೂಟದ ವಂಚನೆ ತಡೆ ಸಂಸ್ಥೆ ಓಲಾಫ್ 35 ಯೋಜನೆಗಳಲ್ಲಿ ಗಂಭೀರ ಅಕ್ರಮ ಕಂಡು, 4 ಕೋಟಿ ಯೂರೊಗೂ ಹೆಚ್ಚು ವಾಪಸ್ ಪಡೆಯಲು ಶಿಫಾರಸು ಮಾಡಿತು. ಹಂಗೇರಿಯ ಪೊಲೀಸರು 2018ರ ನವೆಂಬರ್‌ನಲ್ಲಿ ಅಪರಾಧವೇ ನಡೆದಿಲ್ಲವೆಂದು ಕಡತ ಮುಚ್ಚಿದರು. ಸರ್ಕಾರ ಆ ಬಿಲ್‌ಗಳನ್ನು ಒಕ್ಕೂಟದ ಲೆಕ್ಕದಿಂದ ಹಿಂತೆಗೆದುಕೊಂಡಿತು. ಖರ್ಚು ಹಂಗೇರಿಯ ತೆರಿಗೆದಾರರ ತಲೆಗೇ ಬಂತು.

2024ರ ಫೆಬ್ರವರಿ 2ರಂದು ‘444’ ತಾಣ ಒಂದು ಸುದ್ದಿ ಪ್ರಕಟಿಸಿತು: ಮಕ್ಕಳ ಮೇಲಿನ ದೌರ್ಜನ್ಯವನ್ನು ಮುಚ್ಚಿಹಾಕಲು ನೆರವಾದ ಅಪರಾಧಿಗೆ ರಾಷ್ಟ್ರಾಧ್ಯಕ್ಷೆ ಕತಾಲಿನ್ ನೊವಾಕ್ ಕ್ಷಮಾದಾನ ಕೊಟ್ಟಿದ್ದಾರೆ. ಎಂಟು ದಿನಕ್ಕೆ ಅವರು ರಾಜೀನಾಮೆ ಕೊಟ್ಟರು. ಆ ತಾಣಕ್ಕೂ ಓದುಗರ ಸದಸ್ಯತ್ವದ ಆಸರೆಯಿತ್ತು.

ಇಂಥ ತನಿಖೆ ಕರ್ನಾಟಕಕ್ಕೂ ತಾಗಿದ್ದುಂಟು. 2021ರ ಜುಲೈನಲ್ಲಿ ಪ್ಯಾರಿಸ್ ಮೂಲದ ‘ಫರ್ಬಿಡನ್ ಸ್ಟೋರೀಸ್’ ನೇತೃತ್ವದಲ್ಲಿ 17 ಸುದ್ದಿಸಂಸ್ಥೆಗಳು ಫೋನಿನೊಳಗೆ ನುಗ್ಗಿ ಬೇಹು ನಡೆಸುವ ಪೆಗಾಸಸ್ ಕುತಂತ್ರಾಂಶದ ವರದಿಗಳನ್ನು ಪ್ರಕಟಿಸಿದವು. ಹಂಗೇರಿಯಿಂದ ‘ಡಿರೆಕ್ಟ್ 36’, ಭಾರತದಿಂದ ‘ದಿ ವೈರ್’. ಎರಡೂ ಓದುಗರ ದೇಣಿಗೆ ನೆಚ್ಚಿಕೊಂಡವು. ‘ಡಿರೆಕ್ಟ್ 36’ರ ಇಬ್ಬರು ವರದಿಗಾರರ ಫೋನಿನಲ್ಲೇ ಪೆಗಾಸಸ್ ಕುರುಹು ಸಿಕ್ಕಿತು. 2019ರಲ್ಲಿ ಕಾಂಗ್ರೆಸ್‌–ಜೆಡಿಎಸ್ ಸರ್ಕಾರ ಬೀಳುವ ಹೊತ್ತಿಗೆ ಜಿ. ಪರಮೇಶ್ವರ ಅವರ ಸಂಖ್ಯೆ, ಎಚ್‌.ಡಿ. ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳು ಸಂಭಾವ್ಯ ಗುರಿಗಳ ಪಟ್ಟಿಯಲ್ಲಿದ್ದವು ಎಂದು ‘ದಿ ವೈರ್’ ಬರೆಯಿತು. ಪಟ್ಟಿಯಲ್ಲಿ ಸಂಖ್ಯೆ ಇತ್ತೆಂದ ಮಾತ್ರಕ್ಕೆ ಫೋನಿನೊಳಗೆ ನುಗ್ಗಿದ್ದರು ಎಂದಾಗುವುದಿಲ್ಲ. ಜಾಹೀರಾತೇ ಇಲ್ಲದೆ, ಓದುಗ ಕೊಡುವ ಬೆಲೆಯ ಮೇಲಷ್ಟೇ ನಡೆದ ‘ಲಂಕೇಶ್ ಪತ್ರಿಕೆ’ಯನ್ನು ಕಂಡ ಕನ್ನಡಿಗರಿಗೆ ಈ ಲೆಕ್ಕಾಚಾರ ಹೊಸದೇನಲ್ಲ.

ಮಾಲೀಕರಿಲ್ಲ, ಜಾಹೀರಾತಿನ ಹಿಡಿತವೂ ಇಲ್ಲ ಎಂದಾದ ಮೇಲೆ ಓರ್ಬಾನ್ ಸರ್ಕಾರ ದೇಣಿಗೆಗೇ ಕೈಹಾಕಿತು. 2023ರ ಡಿಸೆಂಬರ್‌ನಲ್ಲಿ ‘ಸಾರ್ವಭೌಮತ್ವ ರಕ್ಷಣೆ’ಯ ಕಾನೂನು ತಂದು ಹೊಸ ಕಚೇರಿ ತೆರೆಯಿತು. ಆ ಕಚೇರಿ 2024ರ ಜೂನ್‌ನಲ್ಲಿ ‘ಆಟ್ಲಾಟ್ಸೊ’ ವಿರುದ್ಧ ವಿಚಾರಣೆ ಶುರು ಮಾಡಿತು. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಪೂರ್ವ ಯುರೋಪಿನ ಹಲವು ಸಂಸ್ಥೆಗಳ ಆದಾಯ ರಾತ್ರೋರಾತ್ರಿ ಕುಸಿಯಿತು. ಮೇ ತಿಂಗಳಲ್ಲಿ ಬುಡಾಪೆಸ್ಟ್‌ನಲ್ಲಿ ಮಂಡಿಸಿದ ಮಸೂದೆ ಇನ್ನೂ ಮುಂದೆ ಹೋಯಿತು. ವಿದೇಶಿ ಹಣ ಪಡೆದದ್ದಕ್ಕೆ ಪಟ್ಟಿಗೆ ಸೇರಿಸಿದ ಸಂಸ್ಥೆಗೆ ತೆರಿಗೆಯ ಶೇ 1 ಸಿಗದು. ಐರೋಪ್ಯ ಒಕ್ಕೂಟದ ಅನುದಾನವನ್ನೂ ವಿದೇಶಿ ಎಂದೇ ಎಣಿಸುವ ಮಸೂದೆ ಅದು. ಭಾರೀ ಪ್ರತಿಭಟನೆ ಎದ್ದಮೇಲೆ ಜೂನ್‌ನಲ್ಲಿ ಅದನ್ನು ಮುಂದೂಡಿದರು.

ಅದೇ ವರ್ಷ ಆಗಸ್ಟ್ 8ರಿಂದ ಒಕ್ಕೂಟದ ಮಾಧ್ಯಮ ಸ್ವಾತಂತ್ರ್ಯ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂತು. ಸರ್ಕಾರಿ ಜಾಹೀರಾತು ಯಾರಿಗೆ ಎಷ್ಟು ಹೋಯಿತೆಂದು ಪ್ರತಿ ವರ್ಷ ಪ್ರಕಟಿಸಬೇಕು, ಪತ್ರಕರ್ತರ ಫೋನಿಗೆ ಕುತಂತ್ರಾಂಶ ಹಾಕಲು ಕಟ್ಟುನಿಟ್ಟಿನ ಮಿತಿ. ಹಂಗೇರಿ 2024ರಲ್ಲೇ ಇದರ ವಿರುದ್ಧ ಒಕ್ಕೂಟದ ನ್ಯಾಯಾಲಯದ ಮೆಟ್ಟಿಲೇರಿತ್ತು.

ಓದುಗರ ಹಣದಿಂದಲೂ ಬಿಡಿಸಲಾಗದ ಕಗ್ಗಂಟೊಂದಿದೆ. ದೇಣಿಗೆ ಕೊಡುವವರಲ್ಲಿ ಹೆಚ್ಚಿನವರು ನಗರದವರು, ಆನ್‌ಲೈನ್ ಓದುವವರು. ಹಳ್ಳಿಯ ಮುದುಕರಿಗೆ ಸಿಗುವುದು ಸರ್ಕಾರಿ ಟಿವಿ ಮತ್ತು ಆಪ್ತರ ಜಿಲ್ಲಾ ಪತ್ರಿಕೆ. ಮುದ್ರಿಸೋಣವೆಂದರೆ ಮುದ್ರಕರು ಒಪ್ಪುತ್ತಿರಲಿಲ್ಲ. 2018ರಲ್ಲಿ ಶುರುವಾದ ‘ಮಗ್ಯಾರ್ ಹಂಗ್’ ವಾರಪತ್ರಿಕೆಯನ್ನು ನೆರೆಯ ಸ್ಲೊವಾಕಿಯಾದಲ್ಲಿ ಅಚ್ಚು ಹಾಕಿಸಿ ತರಬೇಕಾಯಿತು. ಇದಕ್ಕೆ 2017ರಲ್ಲಿ ಹುಟ್ಟಿದ ‘ನೀನೂ ಮುದ್ರಿಸು’ ಎಂಬ ಚಳವಳಿ ಕಂಡುಕೊಂಡ ಉಪಾಯ ತೀರ ಸರಳವಾದದ್ದು. ಸ್ವತಂತ್ರ ತಾಣಗಳ ಸುದ್ದಿಗಳನ್ನು ಚುಟುಕಾಗಿಸಿ ಒಂದು ಎ4 ಹಾಳೆಯ ಎರಡೂ ಬದಿಗೆ ಜೋಡಿಸುತ್ತಾರೆ, ಮಡಚಿದರೆ ನಾಲ್ಕು ಪುಟ. ಕಡತವನ್ನು ವಾರಕ್ಕೊಮ್ಮೆ ಎಲ್ಲರಿಗೂ ತೆರೆದಿಡುತ್ತಾರೆ. ಬೇಕಾದವರು ಮನೆಯ ಪ್ರಿಂಟರ್‌ನಲ್ಲಿ ಮುದ್ರಿಸಿಕೊಂಡು ತಮ್ಮ ಊರಿನ ಅಂಚೆಪೆಟ್ಟಿಗೆಗಳಿಗೆ ಹಾಕಿ ಬರುತ್ತಾರೆ.