ಲೀಡ್ ಕಾಂಪೆನ್ಸೇಟರ್ ವಿನ್ಯಾಸ: ಆ ಹೆಚ್ಚುವರಿ ಡಿಗ್ರಿಗಳು ಏಕೆ ಬೇಕು?

ಮೋಟಾರಿನ ಸ್ಥಾನವನ್ನು ನಿಯಂತ್ರಿಸುವ ಒಂದು ಲೂಪಿನ ಓಪನ್ ಲೂಪ್ ಟ್ರಾನ್ಸ್‌ಫರ್ ಫಂಕ್ಷನ್ (ಫೀಡ್‌ಬ್ಯಾಕ್ ಮುಚ್ಚದಿರುವಾಗ ಇನ್‌ಪುಟ್‌ಗೂ ಔಟ್‌ಪುಟ್‌ಗೂ ಇರುವ ಸಂಬಂಧ), ಗೇನ್ (ವರ್ಧನೆ) ಸೇರಿದ ಮೇಲೆ, 100/[ಎಸ್(ಎಸ್+4)] ಎಂದಿಟ್ಟುಕೊಳ್ಳೋಣ. ಇದರ ವೇಗ ದೋಷ ಸ್ಥಿರಾಂಕ 25. ಅಂದರೆ ಯುನಿಟ್ ರ‍್ಯಾಂಪ್ ಇನ್‌ಪುಟ್‌ಗೆ (ಸೆಕೆಂಡಿಗೆ ಒಂದು ಘಟಕದಂತೆ ಏರುತ್ತಲೇ ಹೋಗುವ ಗುರಿಗೆ) ಕೊನೆಯಲ್ಲಿ ಉಳಿಯುವ ದೋಷ 0.04. ಈ ನಿಖರತೆ ಬೇಕೇ ಬೇಕೆಂದಾದರೆ ಗೇನನ್ನು ಇಳಿಸುವಂತಿಲ್ಲ.

ಬೋಡ್ ಪ್ಲಾಟ್‌ನಲ್ಲಿ (ಆವರ್ತನದೊಂದಿಗೆ ಗೇನ್, ಫೇಸ್ ಬದಲಾಗುವುದನ್ನು ತೋರಿಸುವ ನಕ್ಷೆ) ಇದರ ಗೇನ್ 0 ಡೆಸಿಬೆಲ್ ರೇಖೆಯನ್ನು ದಾಟುವುದು ಸೆಕೆಂಡಿಗೆ 9.6 ರೇಡಿಯನ್ ಸುಮಾರಿಗೆ, ಇದೇ ಕ್ರಾಸ್‌ಓವರ್. ಅಲ್ಲಿ ಫೇಸ್ −157.4 ಡಿಗ್ರಿ ಇರುವುದರಿಂದ ಫೇಸ್ ಮಾರ್ಜಿನ್ (−180 ಡಿಗ್ರಿಗೆ ಉಳಿದಿರುವ ಅಂತರ) 22.6 ಡಿಗ್ರಿ ಮಾತ್ರ. ವ್ಯವಸ್ಥೆ ಸ್ಥಿರವೇನೋ ಹೌದು, ಆದರೆ ಸ್ಟೆಪ್ ಇನ್‌ಪುಟ್ ಕೊಟ್ಟರೆ ಗುರಿಯನ್ನು ಸುಮಾರು ಶೇ 53ರಷ್ಟು ಮೀರಿ ಹೋಗಿ, ಹಲವು ಬಾರಿ ಓಲಾಡಿದ ಮೇಲಷ್ಟೇ ನಿಲ್ಲುತ್ತದೆ.

ನಮಗೆ 50 ಡಿಗ್ರಿ ಮಾರ್ಜಿನ್ ಬೇಕು, ಕೊರತೆ 27.4. ಅಷ್ಟನ್ನೇ ಸೇರಿಸಿ ಕೈತೊಳೆದುಕೊಂಡರೆ ಲೆಕ್ಕ ತಪ್ಪುತ್ತದೆ. ಏಕೆಂದರೆ ಲೀಡ್ ಕಾಂಪೆನ್ಸೇಟರ್ (ಫೇಸನ್ನು ಮುಂದಕ್ಕೆ ತರಲು ಲೂಪಿಗೆ ಸೇರಿಸುವ ಘಟಕ) ಫೇಸ್ ಜೊತೆಗೆ ಗೇನನ್ನೂ ಎತ್ತುತ್ತದೆ, ಕ್ರಾಸ್‌ಓವರ್ ಬಲಕ್ಕೆ ಸರಿಯುತ್ತದೆ, ಅಲ್ಲಿ ಮೋಟಾರಿನ ಫೇಸ್ ಇನ್ನಷ್ಟು ಕುಸಿದಿರುತ್ತದೆ. ಆದ್ದರಿಂದ 35 ಡಿಗ್ರಿ ಇಟ್ಟುಕೊಳ್ಳೋಣ. ಆಗ ಕಾಂಪೆನ್ಸೇಟರಿನ ಝೀರೊ (ಗೇನ್ ಏರತೊಡಗುವ ಆವರ್ತನ) ಮತ್ತು ಪೋಲ್ (ಆ ಏರಿಕೆ ನಿಲ್ಲುವ ಆವರ್ತನ) ಇವುಗಳ ಅನುಪಾತ 0.271, ಲಾಗ್ ಅಳತೆಯಲ್ಲಿ ಅವುಗಳ ನಡುಬಿಂದುವಿನಲ್ಲಿ ಗೇನ್ ಏರಿಕೆ 5.7 ಡೆಸಿಬೆಲ್. ಮೂಲ ಗೇನ್ −5.7 ಡೆಸಿಬೆಲ್ ಇರುವ ಜಾಗವೇ ಹೊಸ ಕ್ರಾಸ್‌ಓವರ್, ಅದು 13.6 ರೇಡಿಯನ್. ಝೀರೊ 7.06ಕ್ಕೆ, ಪೋಲ್ 26.1ಕ್ಕೆ ಬರುತ್ತದೆ. ತಾಳೆ ನೋಡಿದರೆ ಅಲ್ಲಿ ಮೋಟಾರಿನ ಫೇಸ್ −163.6, 35 ಕೂಡಿಸಿದಾಗ ಮಾರ್ಜಿನ್ 51.4 ಡಿಗ್ರಿ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹೆಚ್ಚಿನ ಆವರ್ತನಗಳಲ್ಲಿ ಗೇನ್ ಸುಮಾರು 3.7 ಪಟ್ಟಾಗುವುದರಿಂದ ಸೆನ್ಸರಿನ ಗದ್ದಲವೂ ಅಷ್ಟೇ ಹಿಗ್ಗುತ್ತದೆ. ಲೂಪಿನಲ್ಲಿ 10 ಮಿಲಿಸೆಕೆಂಡ್ ವಿಳಂಬವಿದ್ದರೆ ಹೊಸ ಕ್ರಾಸ್‌ಓವರ್‌ನಲ್ಲಿ ಅದು 7.8 ಡಿಗ್ರಿ ಕಬಳಿಸಿ ಮಾರ್ಜಿನನ್ನು 43.6ಕ್ಕೆ ಇಳಿಸುತ್ತದೆ. (ವಿಳಂಬವನ್ನು ಇಷ್ಟು ಸಲೀಸಾಗಿ, ಅಂದಾಜಿನ ಸೂತ್ರವಿಲ್ಲದೆ ಲೆಕ್ಕಕ್ಕೆ ತರಬಹುದೆಂಬುದೇ ನನ್ನ ದೃಷ್ಟಿಯಲ್ಲಿ ಈ ಆವರ್ತನ ಪ್ರತಿಕ್ರಿಯೆ ವಿಧಾನದ ದೊಡ್ಡ ಗುಣ. ಎಂಜಿನಿಯರ್ ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಸ್ಥಿರತೆಯ ನಿಯಮವನ್ನು ಪ್ರಕಟಿಸಿದಾಗ ಅವರ ಮುಂದಿದ್ದದ್ದು ದೂರವಾಣಿಯ ಆಂಪ್ಲಿಫೈಯರ್‌ಗಳು. ಸಮೀಕರಣ ಗೊತ್ತಿಲ್ಲದಿದ್ದರೂ ಅಳೆದ ಪ್ರತಿಕ್ರಿಯೆಯಿಂದಲೇ ಆ ನಿಯಮವನ್ನು ಅನ್ವಯಿಸಬಹುದು.)

ವೇಗ ಮುಖ್ಯವಲ್ಲದ ಕಡೆ ಲ್ಯಾಗ್ ಕಾಂಪೆನ್ಸೇಟರ್ ಸಾಕು. ಅದು ಕಡಿಮೆ ಆವರ್ತನಗಳ ಗೇನನ್ನು (ಹಾಗಾಗಿ ಮೇಲೆ ಹೇಳಿದ ನಿಖರತೆಯನ್ನು) ಮುಟ್ಟದೆ, ಹೆಚ್ಚಿನ ಆವರ್ತನಗಳಲ್ಲಿ ಮಾತ್ರ ಗೇನನ್ನು 17.3 ಡೆಸಿಬೆಲ್ ತಗ್ಗಿಸಿ ಕ್ರಾಸ್‌ಓವರನ್ನು 2.8 ರೇಡಿಯನ್‌ಗೆ ತಂದರೆ, ಝೀರೊವನ್ನು 0.28ರಲ್ಲಿಟ್ಟಾಗ ಮಾರ್ಜಿನ್ 50ರ ಆಸುಪಾಸಿನಲ್ಲೇ ಉಳಿಯುತ್ತದೆ. ಅದೇ ವಿಳಂಬ ಇಲ್ಲಿ ಕಬಳಿಸುವುದು 1.6 ಡಿಗ್ರಿ ಮಾತ್ರ, ಆದರೆ ಮೋಟಾರಿನ ಪ್ರತಿಕ್ರಿಯೆ ಹಲವು ಪಟ್ಟು ನಿಧಾನವಾಗುತ್ತದೆ.