ಬೀಳೋದು ನಿಜ, ಎಲ್ಲಿ ಅಂತ ಈಗಲೇ ಕೇಳಬೇಡಿ

"ಹಳೇ ಉಪಗ್ರಹ ಭೂಮಿಗೆ ಬೀಳಲಿದೆ" ಎಂದು ಟಿವಿಯಲ್ಲಿ ಬಂದರೆ ಸಾಕು, ತೀರ್ಥಹಳ್ಳಿ ಕಡೆಯಿಂದ ಫೋನು ಶುರು. ಕಕ್ಷೆ ಲೆಕ್ಕ ಹಾಕುವುದು ನನ್ನ ಕಸುಬು ಅಂತ ನೆಂಟರಿಗೆಲ್ಲ ಗೊತ್ತು. "ನಮ್ಮ ತೋಟಕ್ಕೇ ಬೀಳ್ತದನಾ? ಎಷ್ಟು ಗಂಟೆಗೆ?" ಅಂದಾಜು ಹೊತ್ತು ಹೇಳಿ, "ಹನ್ನೆರಡು ಗಂಟೆ ಹಿಂದೆಮುಂದೆ ಆಗಬಹುದು" ಅಂದರೆ ಮೊದಲನೆಯದನ್ನು ಊರಿಗೆಲ್ಲ ಹಂಚಿ ಎರಡನೆಯದನ್ನು ಮರೆತುಬಿಡುತ್ತಾರೆ. ಸ್ವಾಮಿ, ಆ ಹಿಂದೆಮುಂದೆಯೇ ನಮ್ಮ ಲೆಕ್ಕದ ಅಸಲು ಭಾಗ.

400 ಕಿ.ಮೀ. ಎತ್ತರದಲ್ಲೂ ತೆಳುವಾಗಿ ಗಾಳಿ ಇದೆ. ಅದು ತಡೆದು ತಡೆದೇ ಉಪಗ್ರಹ ಕೆಳಗಿಳಿಯುವುದು. ಅದಿರಲಿ. ಜನಕ್ಕೆ ತಲೆಗೆ ಹೋಗದ್ದು, ಆ ಗಾಳಿ ದಿನಾ ಒಂದೇ ಸಮ ಇರುವುದಿಲ್ಲ ಎಂಬುದು. ಸೂರ್ಯನ ಅತಿನೇರಳೆ ಕಿರಣಗಳು ಹೆಚ್ಚಿದರೆ ಮೇಲಿನ ವಾತಾವರಣ ಬಿಸಿಯಾಗಿ ಉಬ್ಬುತ್ತದೆ. ಸೂರ್ಯ ತಣ್ಣಗಿದ್ದ ವರ್ಷಕ್ಕೂ ಉಗ್ರನಾದ ವರ್ಷಕ್ಕೂ ಆ ಎತ್ತರದ ಸಾಂದ್ರತೆಯಲ್ಲಿ ಸುಮಾರು ಹತ್ತು ಪಟ್ಟು ವ್ಯತ್ಯಾಸ. ಸೌರ ಬಿರುಗಾಳಿ ಬಂದರೆ ಗಂಟೆಗಳಲ್ಲೇ ಲೆಕ್ಕ ತಲೆಕೆಳಗು. 2022ರ ಫೆಬ್ರವರಿ 3ರಂದು ಹಾರಿಸಿದ, ಇಂಟರ್ನೆಟ್ ಕೊಡುವ 49 ಸ್ಟಾರ್‌ಲಿಂಕ್ ಉಪಗ್ರಹಗಳು 210 ಕಿ.ಮೀ. ಆಸುಪಾಸಿನಲ್ಲಿದ್ದಾಗ ಭೂಕಾಂತೀಯ ಬಿರುಗಾಳಿ, ಅಂದರೆ ಸೂರ್ಯನ ಅಬ್ಬರಕ್ಕೆ ಭೂಮಿಯ ಕಾಂತಕ್ಷೇತ್ರ ಕದಡುವುದು, ಬಂತು. ಗಾಳಿಯ ತಡೆ ಮೊದಲಿಗಿಂತ ಶೇ. 50ರವರೆಗೆ ಹೆಚ್ಚಿ, ನಲವತ್ತರ ಹತ್ತಿರ ಉರಿದುಹೋದವು.

ಅಂದರೆ, ಬೀಳುವ ದಿನ ಹೇಳಲು ಮುಂದಿನ ವಾರದ ಸೂರ್ಯ ಗೊತ್ತಿರಬೇಕು. "ಮುಂದಿನ ವಾರದ ಅಡಿಕೆ ಧಾರಣೆ ಬರೆದುಕೊಡಿ, ನಾನೂ ಹೇಳ್ತೀನಿ" ಅಂದೆ ಚಿಕ್ಕಪ್ಪನಿಗೆ. ಸುಲಿಯುವ ಕತ್ತಿ ಕೆಳಗಿಟ್ಟು ನಕ್ಕರು. ಮತ್ತೆ, "ಆದ್ರೂ ಸುಮಾರಿಗೆ?"

ಸುಮಾರು ಎಂದರೂ ಕಷ್ಟವೇ. ಸೆಕೆಂಡಿಗೆ 7.5 ಕಿ.ಮೀ.ಗೂ ಹೆಚ್ಚಿನ ವೇಗ. ಹತ್ತು ನಿಮಿಷ ತಪ್ಪಿದರೆ ನಾಲ್ಕೂವರೆ ಸಾವಿರ ಕಿ.ಮೀ. ತಪ್ಪಿದಂತೆ. ಕೊನೆಯ ಎರಡು ಗಂಟೆಯಲ್ಲೂ ಅಷ್ಟು ತಪ್ಪು ಮಾಮೂಲು. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುತ್ತದೆ ಎಂಬ ಗಾಬರಿ ನಮ್ಮ ಹಿರಿಯರಿಗೆ ನೆನಪಿರಬಹುದು. ಸೂರ್ಯ ಎಣಿಸಿದ್ದಕ್ಕಿಂತ ಚುರುಕಾಗಿದ್ದಕ್ಕೇ ಅದು ಬೇಗ ಇಳಿದದ್ದು. 1979ರ ಜುಲೈ 11ರಂದು ಹಿಂದೂ ಮಹಾಸಾಗರ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಚೂರುಗಳು ಬಿದ್ದವು.

ಇಂಧನ ಉಳಿದಿದ್ದು, ನಾವೇ ಇಳಿಸುವುದಾದರೆ ಮಾತು ಬೇರೆ. 2023ರ ಮಾರ್ಚ್ 7ರಂದು ಇಸ್ರೋ ಮೇಘಾ-ಟ್ರಾಪಿಕ್ಸ್ ಎಂಬ ಹಳೇ ಉಪಗ್ರಹವನ್ನು ಹಾಗೆ ಪೆಸಿಫಿಕ್ ಸಾಗರದ ಮೇಲೆ ಇಳಿಸಿತು. ಸತ್ತ ಉಪಗ್ರಹಕ್ಕೆ ಆ ಭಾಗ್ಯವಿಲ್ಲ.

ಅಪ್ಪಿತಪ್ಪಿ ತೋಟದಲ್ಲಿ ಸುಟ್ಟ ಲೋಹದ ಗುಂಡು ಸಿಕ್ಕರೆ ಮುಟ್ಟಬೇಡಿ, ಮಕ್ಕಳನ್ನು ಬಿಡಬೇಡಿ; ವಿಷದ ಇಂಧನ ಉಳಿದಿದ್ದರೂ ಉಳಿದಿರಬಹುದು. ಮೊದಲು ಪೊಲೀಸರಿಗೆ ತಿಳಿಸಿ. ನನಗೆ ಆಮೇಲೆ ಫೋನು ಮಾಡಿದರಾಯಿತು.